ಅರ್ಧ ಗಡ್ಡ, ಇಪ್ಪತ್ತು ನಿಮಿಷದ ಹಾಡು

ಕ್ಷೌರಿಕನ ಕತ್ತಿ ಗಂಟಲ ಬಳಿ ಮತ್ತೆ ನಿಂತಿತು. ಮೇಷ್ಟ್ರ ಬಲಗೆನ್ನೆ ನುಣ್ಣಗಾಗಿತ್ತು, ಎಡಗೆನ್ನೆಯ ನೊರೆ ಒಣಗಿ ಬಿರಿಯುತ್ತಿತ್ತು. ಶಾಲೆಗೆ ಹೊತ್ತಾಗಿತ್ತು.

"ಇದು ಲೈವ್ ಆಲ್ಬಮ್ಮೇ ಅಲ್ಲ ಭಾವ, ವೇದಿಕೆ ಮೇಲೆ ಮಾಡಿದ ತಪ್ಪನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ತೊಳೆದುಬಿಟ್ಟಿದ್ದಾರೆ," ಎಂದು ಸ್ಪೀಕರಿನತ್ತ ಕೈ ತೋರಿಸಿದ ಬೆಂಚಿನ ಮೇಲಿದ್ದ ಕ್ಷೌರಿಕನ ಬಾಮೈದ.

"ಮೊದ್ಲು ನಿನ್ನ ಕಿವಿ ತೊಳ್ಕೋ! ಆ ಗಿಟಾರಲ್ಲಿ ಜೀವ ಇದೆ ಕಣೋ!" ಕ್ಷೌರಿಕ ಕತ್ತಿಯನ್ನೇ ಗಾಳಿಯಲ್ಲಿ ಬೀಸಿದ. ಸ್ಪೀಕರಿನಲ್ಲಿ ಇಪ್ಪತ್ತು ನಿಮಿಷದ ಪ್ರೋಗ್ರೆಸಿವ್ ರಾಕ್ ಹಾಡು ಅಂತೂ ಇಂತೂ ಮುಗಿಯುತ್ತ ಬಂದಿತ್ತು.

ಮೇಷ್ಟ್ರ ಸಹನೆಯ ಕಟ್ಟೆಯೊಡೆಯಿತು. "ಲೈವೋ ಸ್ಟುಡಿಯೋನೋ, ಎರಡೂ ಒಂದೇ ಗದ್ದಲ ಕಣ್ರಯ್ಯಾ! ನನ್ನ ಗಡ್ಡ ಮುಗಿಸಿ!"

ಬೆಳಗಿನಿಂದ ಹಾವು ಮುಂಗುಸಿಯಂತಿದ್ದ ಭಾವ ಬಾಮೈದ ಮುಖ ಮುಖ ನೋಡಿಕೊಂಡರು.

"ಗದ್ದಲವಂತೆ," ಎಂದು ಬಾಮೈದ ಎದ್ದು ಬಾಗಿಲು ಹಾಕಿದ. ಕ್ಷೌರಿಕ ಕತ್ತಿ ಕೆಳಗಿಟ್ಟು, ಹಾಡನ್ನು ಮೊದಲಿನಿಂದ ಹಾಕಿದ.

"ಸರಿಯಾಗಿ ಕೇಳಿ ಮೇಷ್ಟ್ರೇ. ಇನ್ನೊಂದು ಕೆನ್ನೆ ಆಮೇಲೆ."