ಜೋಡಿಪಟ್ಟಿ

ಕುತ್ತಿಗೆಯ ಮೂಳೆಯ ಆಪರೇಷನ್ ಆದಾಗಿನಿಂದ ನೀಲವ್ವನಿಗೆ ಊಟ ಇಳಿಯುತ್ತಿರಲಿಲ್ಲ. ಅದೆಲ್ಲ ನಾಟಕವೆಂದು ಗಂಡ ಈರಣ್ಣ ನಿನ್ನೆ ಗದರಿಸಿ ರೊಟ್ಟಿ ತಿನ್ನಿಸಿದ್ದ.

ಇಂದು ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ. ಥೆರಪಿಸ್ಟ್ ರೇಷ್ಮಾ ನೀಲವ್ವನ ಕೊರಳಿಗೆ ಒಂದು ಪಟ್ಟಿ ಕಟ್ಟಿದಳು; ಅದನ್ನು ಕಟ್ಟಿಕೊಂಡವರ ಗಂಟಲಿಗೆ ಆಗುವುದೆಲ್ಲ ಜೋಡಿಪಟ್ಟಿ ಕಟ್ಟಿಕೊಂಡವರಿಗೂ ಆಗುತ್ತಿತ್ತು. ಅದರ ಜೋಡಿಯನ್ನು ತಾನು ಕಟ್ಟಿ ನೋಡಿ, ಎಲ್ಲ ರೋಗಿಗಳ ಮನೆಯವರಿಗೆ ಕಟ್ಟುವಂತೆ ಈರಣ್ಣನ ಕೊರಳಿಗೂ ಕಟ್ಟಿದಳು.

"ಮನ್ಯಾಗ ಉಣಿಸಾವ್ರು ನೀವು. ಆಕಿ ನುಂಗಿದ್ದು ನಿಮ್ಮ ಗಂಟಲಿಗೂ ತಿಳೀಬೇಕು."

ನೀಲವ್ವ ಒಂದು ಚಮಚ ಗಂಜಿ ಕುಡಿದಳು. ಈರಣ್ಣನ ಗಂಟಲಲ್ಲಿ ಕಲ್ಲು ಸಿಕ್ಕಿದಂತಾಗಿ ಕಣ್ಣಲ್ಲಿ ನೀರು ಬಂತು. ಅವನು ಮಂಚದ ಸರಳು ಹಿಡಿದುಕೊಂಡ.

"ಗಟ್ಟಿ ಏನರ ತಿನ್ನಿಸೀರೇನು?" ರೇಷ್ಮಾ ಕೇಳಿದಳು.

ನೀಲವ್ವ ಗಂಡನ ಮುಖ ನೋಡಿ, "ಇಲ್ರೀ," ಎಂದಳು. ಹಾಗೆನ್ನುವ ಮೊದಲು ಅವಳು ಉಗುಳು ನುಂಗಿದ್ದು ಅವನಿಗೆ ಚುಚ್ಚಿತು.

"ತಿನ್ನಿಸೀನ್ರೀ," ಎಂದ ಈರಣ್ಣ, ತಲೆಯೆತ್ತದೆ. "ಬೈದು ತಿನ್ನಿಸೀನಿ."