ಹದಿನೆಂಟು ದಾಟದ ಮುಳ್ಳು

ಫಿಟ್ಟರ್ ಹಲ್ಲು ಕಚ್ಚಿ, ಹಣೆ ಸುಕ್ಕುಗಟ್ಟಿಸಿ, ಕೈಹಿಡಿತ ಅಳೆಯುವ ಮೀಟರಿನ ಹಿಡಿಯನ್ನು ಅದುಮಿದ. ಮುಳ್ಳು ಹದಿನೆಂಟರ ಹತ್ತಿರ ನಡುಗಿ ನಿಂತಿತು. ಹೋದ ವಾರವೂ ಹದಿನೆಂಟೇ, ಅದರ ಹಿಂದಿನ ವಾರವೂ ಹದಿನೆಂಟೇ. ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷ ಚಕ್ರದ ನಟ್ಟು ಬಿಚ್ಚಿದ ಕೈ ಅದು. ಚಕ್ರದಡಿ ಸಿಕ್ಕಿ ಮುರಿದಿದ್ದ ಮೂಳೆ ಕೂಡಿಕೊಂಡಿದ್ದರೂ ಹಿಡಿತ ಬಂದಿಲ್ಲವೆಂದು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಬರುತ್ತಿದ್ದ.

"ಪರವಾಗಿಲ್ಲ ಅಣ್ಣಾ, ಇನ್ನೊಂದ್ಸಲ ನೆಗೆಟಿವ್ ಮಾಡಿ ನೋಡೋಣ," ಅಂದಳು ಫಿಸಿಯೋ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದವಳು.

ನೆಗೆಟಿವ್ ಅನ್ನುವುದು ಅವಳೇ ಶುರುಮಾಡಿದ ಪ್ರಯೋಗ. ಸ್ಪ್ರಿಂಗಿನ ಹಿಡಿಯನ್ನು ರೋಗಿ ತಾನಾಗಿ ಮುಚ್ಚಬೇಕಿಲ್ಲ. ಅವಳೇ ಎರಡೂ ಕೈಯಿಂದ ಅವನ ಮುಷ್ಟಿಯ ಮೇಲೆ ಒತ್ತಿ ಮುಚ್ಚಿಸಿ, ಕೈ ತೆಗೆಯುತ್ತಾಳೆ. ಅದು ಬಿಚ್ಚಿಕೊಳ್ಳುವಾಗ ರೋಗಿ ಹತ್ತು ಎಣಿಸುವಷ್ಟು ಹೊತ್ತು ತಡೆದು ತಡೆದು ಬಿಡಬೇಕು. ಅದುಮಲಾರದ ಕೈಗೂ ತಡೆಯುವ ಶಕ್ತಿ ಇರುತ್ತದೆ, ತಡೆಯುತ್ತ ಹೋದರೆ ಅದುಮುವ ಬಲವೂ ಬರುತ್ತದೆ ಎಂದು ಅವಳ ನಂಬಿಕೆ. "ನೆಗೆಟಿವ್ ಅಂದ್ರೆ ಕೆಟ್ಟದ್ದಲ್ವಾ ಮೇಡಂ?" ಎಂದು ಮೊದಲ ದಿನ ಫಿಟ್ಟರ್ ಕೇಳಿದ್ದಕ್ಕೆ ಇಬ್ಬರೂ ನಕ್ಕಿದ್ದರು.

ಅವಳು ಉಸಿರು ಬಿಗಿಹಿಡಿದು ಒತ್ತಿ ಮುಚ್ಚಿಸಿದಳು. ಅವನು ಎರಡು ಎಣಿಸುವುದರೊಳಗೆ ಬಿಟ್ಟುಬಿಟ್ಟ. ಹಿಡಿ ಟಪ್ಪೆಂದು ಬಿಚ್ಚಿಕೊಂಡಿತು.

ಅಷ್ಟರಲ್ಲಿ ವಿಭಾಗದ ದೊಡ್ಡ ಡಾಕ್ಟರು ಒಳಗೆ ಬಂದು ಮೇಜಿನ ಮೇಲಿದ್ದ ಅಳತೆಯ ಹಾಳೆಗಳನ್ನು ತೆಗೆದುಕೊಂಡರು.

"ಆರು ಜನರಲ್ಲಿ ಐದು ಜನಕ್ಕೆ ಹಿಡಿತ ಏರಿದೆ ಸರ್."

"ಆ ಐದು ಜನ ಮನೇಲಿ ಕೂತಿದ್ರೂ ಅಷ್ಟು ಏರ್ತಿತ್ತು. ದುಡಿದು ಗಟ್ಟಿಯಾದ ಕೈ ಅಂತ ಇದ್ದದ್ದು ಇದೊಂದೇ. ಇಲ್ಲೇ ಏನೂ ಆಗಿಲ್ಲ ಅಂದ್ರೆ ಏನು ಹೇಳ್ಲಿ? ಸೋಮವಾರದಿಂದ ಎಲ್ಲರಿಗೂ ಮೊದಲಿನ ಹಾಗೆ ರಬ್ಬರ್ ಚೆಂಡು ಕೊಡು." ಫಿಟ್ಟರ್ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಷ್ಟು ಹೇಳಿ ಅವರು ಹೊರಟುಹೋದರು. ಹುಡುಗಿಯ ಕಿವಿಗಳು ಕೆಂಪಾಗಿದ್ದವು.

ಫಿಟ್ಟರ್ ತಲೆ ತಗ್ಗಿಸಿ ತನ್ನ ಕೈ ನೋಡಿಕೊಂಡ. ಅದು ನಾಲ್ಕನೇ ವಾರಕ್ಕೇ ಸರಿಹೋಗಿತ್ತು. ಆದರೆ ಹಿಡಿತವಿಲ್ಲ ಎಂಬ ಚೀಟಿ ನೋಡಿ ಡಿಪೋದವರು ಅವನನ್ನು ಗೇಟಿನ ಹತ್ತಿರ ಫ್ಯಾನಿನ ಕೆಳಗೆ ಕೂರಿಸಿ, ಬಸ್ಸಿನ ನಂಬರು ಬರೆಯಲು ಹಚ್ಚಿದ್ದರು. ಈಗ ಸಂಜೆ ಮನೆಗೆ ಹೋದರೆ ಉಗುರುಸಂದಿಯಲ್ಲಿ ಕಪ್ಪಿರುತ್ತಿರಲಿಲ್ಲ. "ಅಪ್ಪನ ಕೈ ಗ್ರೀಸ್ ನಾತ" ಎಂದು ಮುಖ ತಿರುಗಿಸುತ್ತಿದ್ದ ಮಗಳು ಈಗ ಅದೇ ಕೈ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದಳು. ಇನ್ನೊಂದು ವಾರ, ಇನ್ನೊಂದೇ ವಾರ ಎಂದು ನಾಟಕ ಎಳೆದಿದ್ದ. ಇದರಿಂದ ಯಾರ ಗಂಟೇನು ಹೋಗುತ್ತದೆ ಅಂದುಕೊಂಡಿದ್ದ.

ಅವನು ತಾನೇ ಮೀಟರ್ ಎತ್ತಿಕೊಂಡು ಅದುಮಿದ. ಮುಳ್ಳು ನಲವತ್ತಮೂರಕ್ಕೆ ಹೋಗಿ ನಿಂತಿತು.

ಹುಡುಗಿ ಮುಳ್ಳು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಇನ್ನೊಮ್ಮೆ ಮಾಡಿ ಎನ್ನಲಿಲ್ಲ.

"ಯಾವಾಗಿಂದ ಅಣ್ಣಾ?"

"ನಾಲ್ಕನೇ ವಾರದಿಂದ." ಅವನು ಮೀಟರನ್ನು ಅವಳ ಮುಂದೆ ಸರಿಸಿದ. "ಇದನ್ನ ಬರ್ಕೊಳ್ಳಿ ಮೇಡಂ. ಅವರಿಗೆ ತೋರ್ಸಿ."

"ಐದು ನಿಮಿಷದಲ್ಲಿ ಹದಿನೆಂಟು ಹೋಗಿ ನಲವತ್ಮೂರಾಯ್ತು ಅಂತ ಬರೀಲಾ? ನಿಮ್ಮದೊಂದು ಸುಳ್ಳು ಅಂತಾದ್ರೆ ಮಿಕ್ಕ ಐದನ್ನ ಯಾರು ನಂಬ್ತಾರೆ?"

ಮೀಟರನ್ನು ಡಬ್ಬಿಗೆ ಹಾಕಲು ಅವಳು ಅಂಗಿಯ ತೋಳನ್ನು ಮೇಲೆಳೆದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬಟ್ಟೆಯ ಪಟ್ಟಿ ಬಿಗಿದಿತ್ತು. ಅವನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಅವಳೇ ಹೇಳಿದಳು: "ನಿಮ್ಮ ಕೈ ಏರ್ತಿಲ್ಲ, ಇನ್ನೂ ಬಿಗಿ ಬೇಕೇನೋ ಅಂತ ವಾರವಾರ ಸ್ಪ್ರಿಂಗ್ ಗಟ್ಟಿ ಮಾಡ್ತಾ ಬಂದೆ. ಮುಚ್ಚಿಸ್ತಾ ಇದ್ದದ್ದು ನಾನೇ ಅಲ್ವಾ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನೇ ಹೋಗಿ ದೊಡ್ಡ ಡಾಕ್ಟರ ಹತ್ರ ಹೇಳ್ತೀನಿ."

"ಹೇಳಿ. ಅವರು ನಿಮ್ಮ ಡಿಪೋಗೂ ಬರೀತಾರೆ, ಅದು ಗೊತ್ತಿರ್ಲಿ."

ಅವಳು ಅವನ ಕಾರ್ಡಿನ ಮೇಲೆ ಆ ವಾರದ ಮೊಹರು ಒತ್ತಿ, ಮುಖ ನೋಡದೆ ಕೊಟ್ಟಳು.

ಹೊರಗೆ ದೊಡ್ಡ ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಫಿಟ್ಟರ್ ಅಲ್ಲಿಯವರೆಗೆ ಹೋದ. ಒಳಗಿನಿಂದ ಯಾರೋ ಮಾತಾಡುವುದು ಕೇಳಿಸಿತು. ಅಷ್ಟೇ ನೆಪ ಸಾಕಾಗಿ ಹಿಂದೆ ಸರಿದ.

ಬಾಗಿಲ ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಅಣ್ಣಾ, ನೀವು ಆ ಮೇಡಂ ಹತ್ರ ತೋರಿಸ್ಕೊಂಡು ಬಂದ್ರಾ? ನಾನು ಬಟ್ಟೆ ಹೊಲಿಯೋಳು. ಈ ಕೈಲಿ ಕತ್ತರಿ ಅದುಮಕ್ಕೇ ಆಗ್ತಿಲ್ಲ. ಅದ್ಯಾವುದೋ ಬಿಚ್ಚೋದನ್ನ ತಡೆಯೋ ವ್ಯಾಯಾಮ ಮಾಡಿಸ್ತಾರಂತೆ. ಅದರಿಂದ ನಿಜವಾಗ್ಲೂ ಬಲ ಬರುತ್ತಾ?"

"ಬರುತ್ತೆ ಅಕ್ಕಾ." ಇಷ್ಟಾದರೂ ನಿಜ ಹೇಳೋಣವೆಂದು ಅವನು ನಿಂತ. "ನಂಗೆ ನಾಲ್ಕೇ ವಾರಕ್ಕೆ ಕೈ ಮೊದಲಿನ ಹಾಗಾಯ್ತು. ಚೆಂಡು ಕೊಟ್ರೆ ಬೇಡ ಅನ್ನಿ. ಆ ಮೇಡಂ ಹೇಳೋದನ್ನೇ ಮಾಡಿಸ್ಕೊಳ್ಳಿ."

ಹೆಂಗಸಿನ ಮುಖ ಅರಳಿತು. ಅವನ ಕೈಲಿದ್ದ ಕಾರ್ಡಿನತ್ತ ಬಾಗಿ, ತುಟಿ ಅಲ್ಲಾಡಿಸುತ್ತ ಮೊಹರುಗಳನ್ನು ಒಂದೊಂದಾಗಿ ಎಣಿಸಿದಳು.

"ಹನ್ನೊಂದಿದೆ," ಅಂದಳು. "ಮಿಕ್ಕ ಏಳು ವಾರ ಯಾಕೆ ಬಂದ್ರಿ?"