ಓಡಿಸಿದವರ ಹೆಸರು

ಮಗ ಸಂಚಾರ ಪೊಲೀಸರ ನಾಲ್ಕನೆಯ ನೋಟೀಸನ್ನು ಊಟದ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಅಪ್ಪನ ಕೈಗೇ ಕೊಟ್ಟ.

"ಇದೊಂದ್ಸಲ ಅಪ್ಪ. ಇನ್ಮೇಲೆ ಕೇಳಲ್ಲ."

ಹೋದ ಸಲವೂ ಹೀಗೇ ಅಂದಿದ್ದ. ಅಪ್ಪ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ, ಒಂದು ಮಗುವಿನ ಕೂದಲೂ ಕೊಂಕದಂತೆ ಮನೆ ಮುಟ್ಟಿಸಿ ನಿವೃತ್ತರಾದವರು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ದಂಡದ ಚೀಟಿ ಕಂಡವರಲ್ಲ. ಮೊಣಕಾಲು ಕೈಕೊಟ್ಟ ಮೇಲೆ, ಎರಡು ವರ್ಷದಿಂದ ಸ್ಟೀರಿಂಗನ್ನೇ ಮುಟ್ಟಿಲ್ಲ. ಆದರೆ ಸರ್ಕಾರದ ದಾಖಲೆ ನೋಡಿದರೆ, ಇದೊಂದೇ ವರ್ಷದಲ್ಲಿ ಈ ಕುಂಟು ಕಾಲಿನ ಮನುಷ್ಯ ಮೂರು ಸಲ ಅತಿವೇಗದಲ್ಲಿ ಹೋಗಿ ಸಿಕ್ಕಿಬಿದ್ದಿದ್ದಾರೆ! ಮೊದಲ ಸಲ, ಮಗನ ಬದಲು ತಮ್ಮ ಹೆಸರು ಬರೆಯುವ ಈ ಉಪಾಯ ಹೇಳಿಕೊಟ್ಟವರೂ ಅವರೇ. "ನನ್ನ ಲೈಸೆನ್ಸು ಪೆಟ್ಟಿಗೇಲಿ ಸುಮ್ನೆ ಬಿದ್ದಿದೆ, ತಪ್ಪು ನನ್ನ ಹೆಸರಿಗೇ ಇರ್ಲಿ ಬಿಡೋ" ಎಂದು ನಕ್ಕಿದ್ದರು.

"ನನ್ನ ರೆಕಾರ್ಡಲ್ಲಿ ಹಳೇ ಕೇಸುಗಳೇ ಎರಡಿವೆ. ಇನ್ನೊಂದು ಸೇರಿದ್ರೆ ಇನ್ಶೂರೆನ್ಸಿನವರು ಮೂರು ಪಟ್ಟು ಕೇಳ್ತಾರೆ. ಕಂಪನಿಯವರಿಗೆ ಗೊತ್ತಾದ್ರೆ ಕೆಲಸಾನೇ ಇರಲ್ಲ" ಎಂದ ಮಗ. ಊರೂರು ಸುತ್ತಿ ಔಷಧಿ ಮಾರುವವನು. ಕಾರಿಲ್ಲದಿದ್ದರೆ ಅವನಿಗೆ ಕೆಲಸವಿಲ್ಲ, ಅವನ ಕೆಲಸವಿಲ್ಲದಿದ್ದರೆ ಮನೆ ನಡೆಯುವುದಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡರು. ಈ ಸಲ ವೇಗವೊಂದೇ ಅಲ್ಲ. ಬೆಳಗ್ಗೆ ಎಂಟೂ ಹತ್ತು, ಕೆಂಪು ದೀಪ, ಗಂಟೆಗೆ ಎಪ್ಪತ್ನಾಲ್ಕು ಕಿಲೋಮೀಟರ್. ಜಾಗದ ಹೆಸರನ್ನು ಎರಡು ಸಲ ಓದಿದರು. ಅವರದೇ ಹಳೆಯ ಶಾಲೆಯ ಮುಂದಿನ ಸಿಗ್ನಲ್. ಕೊನೆಯ ಮಗು ರಸ್ತೆ ದಾಟಿ ಗೇಟಿನೊಳಗೆ ಹೋಗುವವರೆಗೂ ಅವರು ಅಲ್ಲಿ ಬ್ರೇಕಿನಿಂದ ಕಾಲು ತೆಗೆದವರಲ್ಲ.

"ಮಕ್ಕಳು ದಾಟ್ತಾ ಇದ್ರೇನೋ?"

"ನೋಡ್ಲಿಲ್ಲಪ್ಪ. ಏನೂ ಆಗ್ಲಿಲ್ವಲ್ಲ, ಬಿಡಿ."

ನೋಟೀಸಿನ ಹಿಂದೆ ಕ್ಯಾಮೆರಾ ತೆಗೆದ ಫೋಟೋ ಲಗತ್ತಿಸಿದ್ದರು. ಮುಂದಿನ ಗಾಜಿಗೆ ಬಿಸಿಲು ಹೊಡೆದು ಓಡಿಸುವವನ ಮುಖ ಕಾಣುತ್ತಿರಲಿಲ್ಲ. ಯಾರ ಹೆಸರು ಬರೆದರೂ ನಡೆಯುತ್ತಿತ್ತು. ಆದರೆ ಹಿಂದಿನ ಸೀಟಿನ ಕಿಟಕಿಯಲ್ಲಿ ಮೊಮ್ಮಗಳು ನಿಚ್ಚಳವಾಗಿ ಕಾಣುತ್ತಿದ್ದಳು, ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು.

"ಪುಟ್ಟೀ, ಬಾ ಇಲ್ಲಿ" ಎಂದು ಕರೆದರು. ಅವಳು ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಿ ಬಂದಳು. "ಇದ್ಯಾಕೆ ಕಂದಾ, ಕಣ್ಣು ಮುಚ್ಕೊಂಡಿದ್ದೀಯ?"

"ಕೆಂಪು ದೀಪ ಬಂದ್ರೆ ಕಣ್ಣು ಮುಚ್ಕೋ, ಹೆದರಿಕೆ ಆಗಲ್ಲ ಅಂತ ಅಪ್ಪ ಹೇಳಿದ್ದಾರೆ ತಾತ. ದಿನಾ ಮುಚ್ಕೋತೀನಿ. ಹತ್ತು ಎಣಿಸೋದ್ರೊಳಗೆ ದಾಟ್ಬಿಟ್ಟಿರ್ತೀವಿ."

"ಒಳಗೆ ಹೋಗು ನೀನು" ಎಂದು ಮಗ ಗದರಿದ. ಅವಳ ಮುಖ ಚಿಕ್ಕದಾಯಿತು.

ಅಪ್ಪನಿಗೆ ಮಗನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತಮ್ಮ ಮೇಲೆಯೇ ಬಂತು. ದಿನಾ ಅಂತೆ. ಮೊದಲ ಸಲವೇ ಇಲ್ಲ ಅಂದಿದ್ದರೆ ಇವನು ಇಲ್ಲಿಗೆ ಬಂದು ಮುಟ್ಟುತ್ತಿರಲಿಲ್ಲ. ನಗುನಗುತ್ತಾ ಮೂರು ಸಲ ಸಹಿ ಹಾಕಿದ್ದು ಇದೇ ಕೈಯಲ್ಲವೇ?

"ಬೇಗ ಬರೀರಿ ಅಪ್ಪ, ಹೋಗ್ತಾ ಕೊಟ್ಟು ಹೋಗ್ತೀನಿ" ಎಂದ ಮಗ, ಕಾರಿನ ಕೀಲಿ ಆಡಿಸುತ್ತಾ.

ಅವರು ನೋಟೀಸನ್ನು ಹತ್ತಿರಕ್ಕೆ ಎಳೆದುಕೊಂಡರು. 'ಓಡಿಸಿದವರ ಹೆಸರು' ಎಂದಿದ್ದ ಖಾಲಿ ಗೆರೆಯ ಮೇಲೆ, ಒಂದೊಂದೇ ಅಕ್ಷರ ಬಿಡಿಸಿ ಮಗನ ಹೆಸರು ಬರೆದರು. ಆ ಹೆಸರನ್ನು ಮೊಟ್ಟಮೊದಲು ಕಾಗದದ ಮೇಲೆ ಬರೆದವರೂ ಅವರೇ, ಅವನ ಜನನ ಪತ್ರದ ಅರ್ಜಿಯಲ್ಲಿ.